ಒಕಿನಾವಾದ ಕರಾಟೆ ಹೊರದೇಶಕ್ಕೆ ಹೋಗಿದ್ದು ಟೋಕಿಯೋ ದಾರಿಯಿಂದ ಮಾತ್ರವಾ?

ಗೋಜು_ಕಲಿಕೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಕರಾಟೆ ಇತಿಹಾಸ ಅಂತ ಎಲ್ಲಿ ಓದಿದರೂ ಒಂದೇ ಕಥೆ. ಫುನಾಕೋಶಿ ಗಿಚಿನ್ ಎಂಬ ಗುರು 1922ರಲ್ಲಿ ಜಪಾನ್‌ನ ದಕ್ಷಿಣದ ಒಕಿನಾವಾ ದ್ವೀಪದಿಂದ ಟೋಕಿಯೋಗೆ ಹೋಗಿ ಪ್ರದರ್ಶನ ಕೊಟ್ಟರು, ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಕಲಿಸಿದರು, ಆಮೇಲೆ ಅವರ ಶಿಷ್ಯರ ಶಿಷ್ಯರು ಜಗತ್ತಿಗೆಲ್ಲ ಹರಡಿದರು. ಅವರ ಶೈಲಿಯಾದ ಶೋಟೋಕಾನ್ ಮಟ್ಟಿಗೆ ಇದು ಸರಿ. ಆದರೆ ನಾನು ಕಲಿಯುತ್ತಿರುವುದು ಗೋಜು-ರ್ಯು ಎಂಬ ಬೇರೆ ಶೈಲಿ. ನಮ್ಮ ಗುರುಪರಂಪರೆಯಲ್ಲಿ ಫುನಾಕೋಶಿ ಹೆಸರೇ ಇಲ್ಲ. ಉಯೆಚಿ-ರ್ಯು ಕಲಿಯುವ ಗೆಳೆಯನ ಪರಂಪರೆಯಲ್ಲೂ ಇಲ್ಲ. ಹಾಗಾದರೆ ಇವನ್ನೆಲ್ಲ ದ್ವೀಪದಿಂದ ಆಚೆ ತಂದವರು ಯಾರು? ಮಧ್ಯದ ಕೊಂಡಿಗಳ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಇದರ ಜೊತೆಗೇ ಇನ್ನೊಂದು ಪ್ರಶ್ನೆ. ಸಾಂಚಿನ್ ಕತಾವನ್ನು (ಕತಾ ಅಂದರೆ ಒಬ್ಬರೇ ಮಾಡುವ, ಮೊದಲೇ ಗೊತ್ತುಮಾಡಿದ ಚಲನೆಗಳ ಸರಣಿ) ನಾವು ಮುಷ್ಟಿ ಬಿಗಿಹಿಡಿದು, ಉಸಿರಿನ ಸದ್ದು ಚೆನ್ನಾಗಿ ಕೇಳುವ ಹಾಗೆ ಮಾಡುತ್ತೇವೆ. ಗೆಳೆಯ ಅಂಗೈ ಬಿಚ್ಚಿ ಮಾಡುತ್ತಾನೆ, ಉಸಿರಿನ ಸದ್ದು ಅಷ್ಟಿಲ್ಲ. ಇಬ್ಬರೂ ಒಕಿನಾವಾ, ಇಬ್ಬರ ಮೂಲವೂ ಚೀನಾದ ಫುಝೌ ಊರು ಅಂತಾರೆ. ಈ ವ್ಯತ್ಯಾಸ ಒಕಿನಾವಾದಲ್ಲೇ ಬಂದಿದ್ದಾ ಅಥವಾ ಹೊರದೇಶಕ್ಕೆ ಹೋದ ಮೇಲೆ ಯಾರೋ ಬದಲಾಯಿಸಿದ್ದಾ? ಗೊತ್ತಿದ್ದವರು ದಯವಿಟ್ಟು ಸ್ವಲ್ಪ ವಿವರವಾಗಿಯೇ ಬರೆಯಿರಿ, ಉದ್ದ ಆದರೂ ಪರವಾಗಿಲ್ಲ.

---

ಕಬ್ಬಿನಗದ್ದೆ ಬರೆದದ್ದು:

ಒಳ್ಳೆಯ ಪ್ರಶ್ನೆ. ಎಲ್ಲರೂ ಯುದ್ಧದ ನಂತರ ಒಕಿನಾವಾದಲ್ಲಿದ್ದ ಅಮೆರಿಕದ ಸೈನಿಕರಿಂದ ಶುರು ಮಾಡುತ್ತಾರೆ. ನಾನು ಅದಕ್ಕೂ ಮೊದಲಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಆ ಭಾಗವನ್ನು ಮರೆತೇಬಿಟ್ಟಿದ್ದಾರೆ.

ಒಕಿನಾವಾ ಬಡ ದ್ವೀಪ. 1900ರಲ್ಲೇ ಅಲ್ಲಿಂದ ಹೊರಟ ಮೊದಲ ತಂಡ ಕಬ್ಬಿನ ತೋಟಗಳ ಕೂಲಿಗೆ ಹವಾಯಿ ತಲುಪಿತು. 1908ರಲ್ಲಿ ಕಸಾತೋ ಮಾರು ಹಡಗು ಬ್ರೆಜಿಲ್‌ಗೆ ಮೊದಲ ಜಪಾನಿ ವಲಸಿಗರನ್ನು ಹೊತ್ತು ಹೋಯಿತಲ್ಲ, ಅದರಲ್ಲಿದ್ದ ಸುಮಾರು 780 ಜನರಲ್ಲಿ 300ಕ್ಕೂ ಹೆಚ್ಚು ಮಂದಿ ಒಕಿನಾವಾದವರೇ. ಆಮೇಲೆ ಪೆರು, ಅರ್ಜೆಂಟೀನಾ. ಕರಾಟೆ ಗೊತ್ತಿದ್ದವರೂ ಈ ಜನರ ನಡುವೆ ಇದ್ದರು. ಆದರೆ ಅವರು ಬೋರ್ಡು ಹಾಕಿ ಕಲಿಸಲಿಲ್ಲ. ದಿನವಿಡೀ ಗದ್ದೆ ಕೆಲಸ, ಸಂಜೆ ತಮ್ಮವರ ಮಕ್ಕಳಿಗೆ ನಾಲ್ಕು ಹೆಜ್ಜೆ. ಹೊರಗಿನವರಿಗೆ ಬಾಗಿಲು ತೆರೆದಿರಲಿಲ್ಲ.

ಆದರೂ ದೊಡ್ಡ ದೊಡ್ಡ ಗುರುಗಳು ಅವರನ್ನು ಹುಡುಕಿಕೊಂಡು ಹೋಗಿದ್ದಾರೆ. ಯಾಬು ಕೆಂತ್ಸು 1927ರಲ್ಲಿ ಹವಾಯಿಯಲ್ಲಿ ಪ್ರದರ್ಶನ ಕೊಟ್ಟರು. ಮೊತೊಬು ಚೋಕಿ 1932ರಲ್ಲಿ ಹೋದರು, ಅವರನ್ನು ಮಾತ್ರ ಒಳಗೆ ಬಿಡದೆ ವಾಪಸ್ ಕಳಿಸಿದರು. ನಿಮ್ಮ ಗೋಜು-ರ್ಯು ಸ್ಥಾಪಿಸಿದ ಮಿಯಾಗಿ ಚೋಜುನ್ 1934ರಲ್ಲಿ ಹೋದರು. ಕರೆಸಿದ್ದು ಕವಾಯಿ ದ್ವೀಪದಲ್ಲಿದ್ದ ಒಂದು ಒಕಿನಾವಾ ಪತ್ರಿಕೆಯವರು. 1935ರ ಆರಂಭದವರೆಗೆ ಅಲ್ಲಿದ್ದು ಉಪನ್ಯಾಸ ಮಾಡಿದರು, ಕಲಿಸಿದರು. ಹಾಗಾಗಿ ನಿಮ್ಮ ಪರಂಪರೆಯ ಮೂಲ ಗುರುವೇ ಎರಡನೇ ಮಹಾಯುದ್ಧಕ್ಕೆ ಮುಂಚೆ ಸಮುದ್ರ ದಾಟಿ ಕಲಿಸಿ ಬಂದವರು. ಇದಕ್ಕೆ ಟೋಕಿಯೋ ದಾರಿ ಬೇಕಾಗಲಿಲ್ಲ.

ನಿಮ್ಮ ದೋಜೋದಲ್ಲಿ (ಕರಾಟೆ ಅಭ್ಯಾಸದ ಜಾಗ) ಕೊಂಗೋಕೆನ್ ಇದೆಯಾ ನೋಡಿ. ಉದ್ದನೆಯ, ಮೊಟ್ಟೆಯಾಕಾರದ ಕಬ್ಬಿಣದ ಬಳೆ. ಒಬ್ಬರಿಂದ ಎತ್ತುವುದೇ ಕಷ್ಟ. ಅದನ್ನು ಎತ್ತಿ, ತಿರುಗಿಸಿ, ಭುಜದ ಮೇಲಿಟ್ಟು ಅಭ್ಯಾಸ ಮಾಡುತ್ತಾರೆ. ಅದು ಒಕಿನಾವಾದ ಹಳೆಯ ಸಾಧನ ಅಲ್ಲ. ಹವಾಯಿಯ ಕುಸ್ತಿಪಟುಗಳ ಸಾಧನ ನೋಡಿ ಮಿಯಾಗಿ ಅದನ್ನು ಊರಿಗೆ ತಂದರು ಎಂದು ಗೋಜು-ರ್ಯು ಹಿರಿಯರು ಹೇಳುತ್ತಾರೆ. ಕಲಿಸಲು ಹೋದವರು ತಾವೂ ಒಂದನ್ನು ಕಲಿತುಕೊಂಡು ಬಂದರು. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

---

ಹಳೇ_ಮಕಿವಾರ ಬರೆದದ್ದು:

ಮೇಲಿನವರು ಹೇಳಿದ್ದು ಸರಿ. ಆದರೆ ಅಷ್ಟರಿಂದ ಕರಾಟೆ ಹರಡಲಿಲ್ಲ ಎನ್ನುವುದೂ ಸತ್ಯ. ಹರಡಿದ್ದು 1945ರ ನಂತರ, ಅದೂ ತುಂಬಾ ನೋವಿನ ಪರಿಸ್ಥಿತಿಯಲ್ಲಿ.

ಒಕಿನಾವಾ ಕದನದಲ್ಲಿ ದ್ವೀಪದ ಸುಮಾರು ಕಾಲು ಭಾಗ ಜನ ಸತ್ತರು. ಮಿಯಾಗಿಯವರು ಉತ್ತರಾಧಿಕಾರಿ ಅಂತ ನೋಡುತ್ತಿದ್ದ ಶಿಂಝಾತೋ ಜಿನ್‌ಆನ್ ಅದರಲ್ಲಿ ಹೋದರು. ಮಿಯಾಗಿಯವರ ಮಕ್ಕಳೂ ಹೋದರು. ಇನ್ನೊಬ್ಬ ಹಿರಿಯ ಗುರು ಕ್ಯಾನ್ ಚೋತೋಕು ಯುದ್ಧ ಮುಗಿದ ಕೆಲವೇ ದಿನಕ್ಕೆ, 1945ರ ಸೆಪ್ಟೆಂಬರ್‌ನಲ್ಲಿ, ಹಸಿವಿನಿಂದ ಸೊರಗಿ ತೀರಿಕೊಂಡರು. ಉಳಿದವರ ಹತ್ತಿರ ಮನೆ ಇಲ್ಲ, ಕೆಲಸ ಇಲ್ಲ. ದ್ವೀಪ ಅಮೆರಿಕದ ಆಡಳಿತಕ್ಕೆ ಹೋಯಿತು, ಜಪಾನ್‌ಗೆ ಮರಳಿದ್ದು 1972ರ ಮೇ 15ಕ್ಕೆ. ಆ 27 ವರ್ಷದಲ್ಲಿ ಕಡೇನಾ, ಫುತೆನ್ಮಾದಂಥ ನೆಲೆಗಳಿಗೆ ಸಾವಿರಾರು ಯುವ ಸೈನಿಕರು ಬಂದು ಹೋದರು. ಗುರುಗಳಿಗೆ ಸಂಬಳ ಕೊಡಬಲ್ಲ ಶಿಷ್ಯರು ಆಗ ಅವರೇ. ತಮ್ಮ ಊರನ್ನು ಸುಟ್ಟ ಸೈನ್ಯದ ಹುಡುಗರಿಗೆ ತಮ್ಮ ಹತ್ತಿರ ಉಳಿದಿದ್ದ ಒಂದೇ ಆಸ್ತಿಯನ್ನು ಕಲಿಸಿದರು. ಆ ಗುರುಗಳ ಬಗ್ಗೆ ಯೋಚಿಸಿದರೆ ಈಗಲೂ ಮನಸ್ಸು ಭಾರವಾಗುತ್ತದೆ.

ಇಶ್ಶಿನ್-ರ್ಯು ಶೈಲಿ ಇದಕ್ಕೆ ನೇರ ಉದಾಹರಣೆ. ಶಿಮಾಬುಕು ತಾತ್ಸುವೋ ಅವರು ಕ್ಯಾನ್, ಮಿಯಾಗಿ, ಮೊತೊಬು ಮೂವರ ಹತ್ತಿರವೂ ಕಲಿತವರು. 1956ರ ಜನವರಿಯಲ್ಲಿ ತಮ್ಮ ಶೈಲಿಗೆ ಹೆಸರಿಟ್ಟರು. ಮುಷ್ಟಿಯನ್ನು ತಿರುಗಿಸದೆ ನೇರ ನಿಲ್ಲಿಸಿ, ಹೆಬ್ಬೆರಳನ್ನು ಮೇಲಿಟ್ಟು ಹೊಡೆಯುತ್ತಾರಲ್ಲ, ಅದೇ ಶೈಲಿ. ಅವರ ದೋಜೋಗೆ ಬರುತ್ತಿದ್ದವರಲ್ಲಿ ಜಾಸ್ತಿ ಮಂದಿ ಅಮೆರಿಕದ ಮರೀನ್ ಪಡೆಯ ಸೈನಿಕರು. ಡಾನ್ ನೇಗಲ್ ನ್ಯೂಜೆರ್ಸಿಗೆ, ಹೆರಾಲ್ಡ್ ಲಾಂಗ್ ಟೆನೆಸಿಗೆ, ಸ್ಟೀವ್ ಆರ್ಮ್‌ಸ್ಟ್ರಾಂಗ್ ವಾಷಿಂಗ್ಟನ್ ರಾಜ್ಯಕ್ಕೆ ಈ ಶೈಲಿಯನ್ನು ತೆಗೆದುಕೊಂಡು ಹೋದರು. ಸ್ವಲ್ಪ ಸಮಯದಲ್ಲೇ ಒಕಿನಾವಾಗಿಂತ ಅಮೆರಿಕದಲ್ಲೇ ಇಶ್ಶಿನ್-ರ್ಯು ಕಲಿಯುವವರು ಹೆಚ್ಚಾದರು.

ಇದರ ತೊಂದರೆಯನ್ನೂ ಹೇಳಬೇಕು. ಸೈನಿಕನಿಗೆ ದ್ವೀಪದಲ್ಲಿ ಸಿಗುತ್ತಿದ್ದುದು ಒಂದು ವರ್ಷ, ಒಂದೂವರೆ ವರ್ಷ. ಆಮೇಲೆ ಬೇರೆ ಕಡೆ ವರ್ಗ. ಅಷ್ಟರಲ್ಲಿ ಕಪ್ಪು ಬೆಲ್ಟ್ ಕಟ್ಟಿಕೊಂಡು ಊರಿಗೆ ಹೋಗಿ, ತಿದ್ದುವ ಹಿರಿಯರು ಒಬ್ಬರೂ ಇಲ್ಲದ ಜಾಗದಲ್ಲಿ ತಾನೇ ಗುರು. ಶಿಮಾಬುಕು ಅವರೂ ಆ ವರ್ಷಗಳಲ್ಲಿ ತಮ್ಮ ಶೈಲಿಯನ್ನು ತಿದ್ದುತ್ತಲೇ ಇದ್ದರು. ಹಾಗಾಗಿ ಮೊದಲು ಬಂದವನು ಕಲಿತ ಕತಾಕ್ಕೂ ಆಮೇಲೆ ಬಂದವನು ಕಲಿತ ಕತಾಕ್ಕೂ ಅಲ್ಲಲ್ಲಿ ವ್ಯತ್ಯಾಸ. ಇಬ್ಬರೂ 'ಗುರುಗಳು ನನಗೆ ಹೀಗೇ ಹೇಳಿಕೊಟ್ಟರು' ಅಂತಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. 1966ರಲ್ಲಿ ಗುರುಗಳು ಅಮೆರಿಕಕ್ಕೆ ಬಂದಾಗ ಅವರ ಕತಾಗಳನ್ನು ಫಿಲಂ ಮಾಡಿಟ್ಟುಕೊಂಡರು. ಅದನ್ನು ಇಟ್ಟುಕೊಂಡೇ ಇವತ್ತಿಗೂ ವಾದ ನಡೆಯುತ್ತದೆ. 1975ರಲ್ಲಿ ಅವರು ತೀರಿಕೊಂಡ ಮೇಲಂತೂ ಅಮೆರಿಕದಲ್ಲಿ ಬಣಗಳು ಇನ್ನೂ ಹೆಚ್ಚಾದವು.

---

ಅಂಗೈ_ಬಿಚ್ಚಿ ಬರೆದದ್ದು:

ನಾನು ಉಯೆಚಿ-ರ್ಯು ಕಲಿತವಳು. ಆದ್ದರಿಂದ ಸಾಂಚಿನ್ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ವ್ಯತ್ಯಾಸ ಅಮೆರಿಕದಲ್ಲೋ ಯುರೋಪಿನಲ್ಲೋ ಆದದ್ದಲ್ಲ. ಅದಕ್ಕೂ ಹಿಂದಿನದು.

ಫುಝೌ ಒಂದೇ ಊರು, ಆದರೆ ಹೋದವರು ಬೇರೆ, ಗುರುಗಳು ಬೇರೆ, ಕಾಲವೂ ಬೇರೆ. ನಿಮ್ಮ ಮಿಯಾಗಿಯವರ ಗುರು ಹಿಗಾವೊನ್ನಾ ಕಾನ್ರ್ಯೋ. ಅವರು 19ನೇ ಶತಮಾನದಲ್ಲೇ ಹೋಗಿ ಬಂದವರು. ಅವರು ಕಲಿತು ಬಂದದ್ದೂ ಅಂಗೈ ಬಿಚ್ಚಿ ಮಾಡುವ ಸಾಂಚಿನ್, ಒಕಿನಾವಾದಲ್ಲಿ ಕಲಿಸುವಾಗ ಅದು ಮುಷ್ಟಿಯಾಯಿತು ಎಂದು ಗೋಜು-ರ್ಯು ಪರಂಪರೆಯವರೇ ಹೇಳುತ್ತಾರೆ. ಆಮೇಲೆ ಮಿಯಾಗಿಯವರು ಹಿಂದಕ್ಕೆ ತಿರುಗುವ ಹೆಜ್ಜೆಗಳನ್ನು ತೆಗೆದು ಇನ್ನೊಂದು ರೂಪ ಮಾಡಿದರು. ನೀವು ಬಹುಶಃ ಎರಡನ್ನೂ ಕಲಿಯುತ್ತಿರಬೇಕು, ಅಲ್ವಾ?

ನಮ್ಮ ಶೈಲಿ ಸ್ಥಾಪಿಸಿದ ಉಯೆಚಿ ಕಾನ್‌ಬುನ್ ಹೋದದ್ದು 1897ರಲ್ಲಿ. ಮರುವರ್ಷ ಒಕಿನಾವಾದಲ್ಲಿ ಕಡ್ಡಾಯ ಸೈನ್ಯ ಸೇವೆ ಜಾರಿಗೆ ಬಂತು. ಅದರಿಂದ ತಪ್ಪಿಸಿಕೊಳ್ಳುವುದೂ ಅವರು ಹೊರಟ ಕಾರಣಗಳಲ್ಲಿ ಒಂದು ಅಂತಾರೆ. ಅಲ್ಲಿ ಝೌ ಝಿಹೆ ಎಂಬ ಗುರುಗಳ ಹತ್ತಿರ ಕಲಿತರು. ಒಕಿನಾವಾದವರು ಅವರನ್ನು ಶು ಶಿವಾ ಎನ್ನುತ್ತಾರೆ. ಊರಿಗೆ ಮರಳಿದ್ದು 1910ರಲ್ಲಿ. ಅಷ್ಟು ವರ್ಷ ಇದ್ದು ತಂದದ್ದು ಮೂರೇ ಕತಾ. ಸಾಂಚಿನ್, ಸೇಸಾನ್, ಸಾನ್‌ಸೇರ್ಯು. ಬಂದವರೇ ಕಲಿಸಲೂ ಇಲ್ಲ. ಚೀನಾದಲ್ಲಿ ಅವರ ಶಿಷ್ಯನೊಬ್ಬ ಜಗಳದಲ್ಲಿ ಒಬ್ಬನನ್ನು ಕೊಂದ, ಆ ನೋವಿಗೆ ಇನ್ನು ಕಲಿಸುವುದಿಲ್ಲ ಎಂದು ತೀರ್ಮಾನಿಸಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. 1924ರಲ್ಲಿ ಕೆಲಸ ಹುಡುಕಿಕೊಂಡು ಜಪಾನ್‌ನ ವಾಕಾಯಾಮಾಗೆ ಹೋಗಿ ಬಟ್ಟೆ ಗಿರಣಿ ಸೇರಿದರು. ಅಲ್ಲಿ ಜೊತೆಗಿದ್ದ ತೊಮೊಯೊಸೆ ರ್ಯುಯು ಎಂಬ ಒಕಿನಾವಾದ ಯುವಕ ಬಿಡದೆ ದುಂಬಾಲು ಬಿದ್ದು ಅವರಿಂದ ಕಲಿತ.

ಇಲ್ಲಿಂದ ನಿಮ್ಮ ಕೊಂಡಿ ಸಿಗುತ್ತದೆ ನೋಡಿ. ಆ ರ್ಯುಯು ಅವರ ಮಗ ತೊಮೊಯೊಸೆ ರ್ಯುಕೋ. ಇವರು 1950ರ ದಶಕದಲ್ಲಿ ಒಕಿನಾವಾದಲ್ಲಿ ಜಾರ್ಜ್ ಮ್ಯಾಟ್ಸನ್ ಎಂಬ ಅಮೆರಿಕನ್ ಸೈನಿಕನಿಗೆ ಕಲಿಸಿದರು. ಮ್ಯಾಟ್ಸನ್ 1958ರಲ್ಲಿ ಬಾಸ್ಟನ್‌ಗೆ ಮರಳಿ ಅಲ್ಲಿ ಕಲಿಸಲು ಶುರು ಮಾಡಿದರು. ಅಮೆರಿಕದಲ್ಲಿ ಉಯೆಚಿ-ರ್ಯು ಬೇರು ಬಿಟ್ಟದ್ದು ಹಾಗೆ. ಸೈನ್ಯಕ್ಕೆ ಸೇರಲು ಇಷ್ಟವಿಲ್ಲದೆ ಸಮುದ್ರ ದಾಟಿದವನ ವಿದ್ಯೆಯನ್ನು ಮುಂದೆ ಇನ್ನೊಂದು ಸಮುದ್ರ ದಾಟಿಸಿದ್ದು ಸೈನಿಕರು.

ಹಳೇ_ಮಕಿವಾರ ಅವರ ಒಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಅಲ್ಪಕಾಲ ಕಲಿತವರೆಲ್ಲ ಕೆಡಿಸಿದರು ಎನ್ನುವ ಧ್ವನಿ ಅದರಲ್ಲಿದೆ. ಒಂದೂವರೆ ವರ್ಷದಲ್ಲಿ ಕತಾದ ಹೆಜ್ಜೆ ಬರುತ್ತದೆ, ಮೈ ಬರುವುದಿಲ್ಲ. ಇದು ನಿಜ. ನಮ್ಮಲ್ಲಿ ಕಾಲ್ಬೆರಳ ತುದಿಯಿಂದ ಒದೆಯುತ್ತಾರೆ, ಬರಿಗಾಲಲ್ಲಿ. ಆ ಬೆರಳುಗಳು ಗಟ್ಟಿಯಾಗಲು ವರ್ಷಗಟ್ಟಲೆ ಬೇಕು. ಸಾಂಚಿನ್ ಪರೀಕ್ಷೆ ಮಾಡುವಾಗ ಗುರುಗಳು ಹಿಂದಿನಿಂದ ಬಂದು ಭುಜದ ಮೇಲೆ ಎರಡೂ ಕೈಯಿಂದ ಬಾರಿಸುತ್ತಾರೆ, ತೊಡೆಗೆ ಒದೆಯುತ್ತಾರೆ, ಬೆನ್ನಿನ ಸ್ನಾಯು ಮುಟ್ಟಿ ನೋಡುತ್ತಾರೆ. ಎಲ್ಲಿ ಸಡಿಲವಾಗಿದೆ ಎಂದು ಆ ಕೈಗೆ ಗೊತ್ತಾಗಬೇಕು. ಅದು ಫಿಲಂ ನೋಡಿ ಬರುವ ವಿದ್ಯೆ ಅಲ್ಲ, ಯಾರಾದರೂ ನಿಮ್ಮ ಭುಜ ಮುಟ್ಟಿ ಹೇಳಿಕೊಟ್ಟರೆ ಮಾತ್ರ ಬರುತ್ತದೆ. ಆದರೆ ಆ ಸೈನಿಕರಲ್ಲಿ ಒಳ್ಳೆಯವರು ಅಲ್ಲಿಗೆ ನಿಲ್ಲಿಸಲಿಲ್ಲ. ಮತ್ತೆ ಮತ್ತೆ ಒಕಿನಾವಾಗೆ ಹೋದರು. ಗುರುಗಳನ್ನು ತಮ್ಮ ದೇಶಕ್ಕೆ ಕರೆಸಿಕೊಂಡರು, ತಮ್ಮ ಶಿಷ್ಯರನ್ನು ಅಲ್ಲಿಗೆ ಕಳಿಸಿದರು. ಕಾನ್‌ಬುನ್ ಅವರ ಮಗ ಉಯೆಚಿ ಕಾನ್‌ಯೇ ಫುತೆನ್ಮಾದಲ್ಲಿ ದೋಜೋ ನಡೆಸುತ್ತಿದ್ದರು. ಅವರ ಕಾಲದಲ್ಲಿ ಮೂರು ಕತಾ ಎಂಟಾಯಿತು. ಹೊಸಬರು ಮೆಟ್ಟಿಲು ಮೆಟ್ಟಿಲಾಗಿ ಏರಲಿ ಎಂದು ಮಧ್ಯೆ ಐದು ಸೇರಿಸಿದರು. ಬದಲಾವಣೆ ಒಕಿನಾವಾದ ಒಳಗೂ ನಡೆಯುತ್ತಲೇ ಇತ್ತು. ಬದಲಾದದ್ದನ್ನೆಲ್ಲ ಹೊರಗಿನವರ ತಲೆಗೆ ಕಟ್ಟುವುದು ಸರಿಯಲ್ಲ.

---

ಗೋಜು_ಕಲಿಕೆ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರ ಒಂದೇ ಕಡೆ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಮೇಡಂ, ಹೌದು, ನಮ್ಮಲ್ಲಿ ಸಾಂಚಿನ್ ಎರಡೂ ರೂಪ ಕಲಿಸುತ್ತಾರೆ. ತಿರುಗುವುದು ಹಿಗಾವೊನ್ನಾ ಅವರದು, ನೇರ ಮುಂದೆ ಹೋಗಿ ಹಿಂದೆ ಬರುವುದು ಮಿಯಾಗಿಯವರದು ಅಂತ ಹೇಳಿದ್ದರು. ಈಗ ಅದರ ಹಿನ್ನೆಲೆ ಗೊತ್ತಾಯಿತು.

ಇನ್ನೊಂದೇ ಪ್ರಶ್ನೆ. ಶಿಷ್ಯರು ತೆಗೆದುಕೊಂಡು ಹೋದದ್ದು ಗೊತ್ತಾಯಿತು. ಮಿಯಾಗಿಯವರ ನಂತರ ಗೋಜು-ರ್ಯು ಗುರುಗಳೇ ಹೊರದೇಶದಲ್ಲಿ ಹೋಗಿ ನೆಲೆಸಿದ್ದುಂಟಾ? ಮತ್ತೆ ಈಗ ನಮ್ಮಂಥ ಹೊರಗಿನವರು ಒಕಿನಾವಾಗೆ ಹೋಗಿ ಕಲಿಯಲು ಸಾಧ್ಯವಾ? ಅಥವಾ ಪರಿಚಯ ಇದ್ದವರಿಗೆ ಮಾತ್ರವಾ?

---

ಕಬ್ಬಿನಗದ್ದೆ ಬರೆದದ್ದು:

ಗುರುಗಳು ಹೋಗಿ ನೆಲೆಸಿದ್ದು ಚೆನ್ನಾಗಿಯೇ ಉಂಟು. ದಕ್ಷಿಣ ಅಮೆರಿಕವನ್ನು ನೋಡಿ. ಮಿಯಾಝಾತೋ ಶೋಯೆಯ್ 1959ರಲ್ಲಿ ಅರ್ಜೆಂಟೀನಾಗೆ ಹೋಗಿ ಕೋರ್ಡೋಬಾದಲ್ಲಿ ಕಲಿಸಿದರು. ಶಿಂಝಾತೋ ಯೋಶಿಹಿದೆ ಬ್ರೆಜಿಲ್‌ನ ಸಾಂತೋಸ್‌ನಲ್ಲಿ ಶೋರಿನ್-ರ್ಯು ಕಟ್ಟಿದರು, ಅದು ಗೋಜು ಅಲ್ಲ, ಆದರೆ ಒಕಿನಾವಾದ್ದೇ. ನಾನು ಮೊದಲು ಬರೆದ ವಲಸೆ ಇಲ್ಲಿ ಕೆಲಸಕ್ಕೆ ಬಂತು. ಅರ್ಧ ಶತಮಾನ ಮುಂಚೆ ಹೋದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಇದ್ದರು. ಒಕಿನಾವಾ ಸಂಘಗಳಿದ್ದವು. ಹೊಸದಾಗಿ ಬಂದ ಗುರುವಿಗೆ ಊಟ, ಜಾಗ, ಮೊದಲ ಶಿಷ್ಯರು ತಮ್ಮವರಿಂದಲೇ ಸಿಕ್ಕಿದರು. ಕೂಲಿಯವರು ಬಾಗಿಲು ತೆರೆಯಲಿಲ್ಲ ಎಂದೆನಲ್ಲ, ಅವರ ಮೊಮ್ಮಕ್ಕಳ ಕಾಲಕ್ಕೆ ಅದು ಪೂರ್ತಿ ತೆರೆಯಿತು.

ಉತ್ತರ ಅಮೆರಿಕದಲ್ಲಿ ಚಿನೆನ್ ತೆರುವೋ 1969ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿಗೆ ಹೋಗಿ ಜೀವನ ಪೂರ್ತಿ ಕಲಿಸಿದರು. ಹಿಗಾವೊನ್ನಾ ಮೊರಿಯೋ (ಮಿಯಾಗಿಯವರ ಗುರು ಕಾನ್ರ್ಯೋ ಅಲ್ಲ) ಅವರದು ಇನ್ನೂ ದೊಡ್ಡ ಹೆಸರು. ಟೋಕಿಯೋದ ಯೊಯೊಗಿ ದೋಜೋದಲ್ಲಿ ಅವರು ಕಲಿಸುತ್ತಿದ್ದಾಗ ಬೇರೆ ಬೇರೆ ದೇಶದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಶಿಷ್ಯರನ್ನೆಲ್ಲ ಒಂದು ನೂಲಿಗೆ ಕಟ್ಟಲು 1979ರಲ್ಲಿ ಇಂಗ್ಲೆಂಡಿನ ಪೂಲ್ ಊರಲ್ಲಿ ಅಂತರರಾಷ್ಟ್ರೀಯ ಒಕಿನಾವಾ ಗೋಜು-ರ್ಯು ಒಕ್ಕೂಟ ಶುರುವಾಯಿತು. ಗಮನಿಸಿ, ಇಲ್ಲಿ ಟೋಕಿಯೋ ಮಧ್ಯೆ ಬಂತು, ಆದರೆ ಫುನಾಕೋಶಿ ದಾರಿಯಿಂದ ಅಲ್ಲ. ಒಕಿನಾವಾದ ಗುರು ಅಲ್ಲಿದ್ದರು, ಅಷ್ಟೇ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು: ಊರಿನ ಹೆಸರು ನೋಡಬೇಡಿ, ಯಾರು ಯಾರ ಹತ್ತಿರ ಎಷ್ಟು ವರ್ಷ ಕಲಿತರು ಅಂತ ನೋಡಿ.

---

ಹಳೇ_ಮಕಿವಾರ ಬರೆದದ್ದು:

ಮೇಡಂ ಹೇಳಿದ್ದಕ್ಕೆ ಒಂದು ಮಾತು. ಸೈನಿಕರನ್ನು ನಾನು ಹಗುರ ಮಾಡುತ್ತಿಲ್ಲ. ಅವರಿಲ್ಲದಿದ್ದರೆ ಯುದ್ಧದ ನಂತರ ಎಷ್ಟೋ ದೋಜೋಗಳು ಮುಚ್ಚಿಹೋಗುತ್ತಿದ್ದವು. ನನ್ನ ಆಕ್ಷೇಪ ಬೆಲ್ಟ್ ಕೊಡುವುದರಲ್ಲಿ ತೋರಿಸಿದ ಅವಸರದ ಬಗ್ಗೆ ಮಾತ್ರ. ಬೆಲ್ಟ್ ಪದ್ಧತಿ ಒಕಿನಾವಾದ ಹಳೆಯ ಪದ್ಧತಿಯೇ ಅಲ್ಲ, ಜೂಡೋದಿಂದ ಬಂದದ್ದು. ಫುನಾಕೋಶಿ 1924ರಲ್ಲಿ ಮೊದಲ ಕಪ್ಪು ಬೆಲ್ಟ್‌ಗಳನ್ನು ಕೊಟ್ಟರು. ಮಿಯಾಗಿಯವರು 1953ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಶಿಷ್ಯರಿಗೆ ಡಾನ್ (ಕಪ್ಪು ಬೆಲ್ಟ್ ದರ್ಜೆ) ಕೊಡಲೇ ಇಲ್ಲ. ಹೊರದೇಶಕ್ಕೆ ಹೋಗುವವನ ಕೈಲಿ ಏನಾದರೂ ಗುರುತು ಬೇಕಿತ್ತು, ಅದಕ್ಕೇ ಸರ್ಟಿಫಿಕೇಟು, ಬೆಲ್ಟು ಎಲ್ಲ ಬೇಗ ಬೇಗ ಬೆಳೆದವು. ಅದರ ಪರಿಣಾಮ ಇವತ್ತಿಗೂ ನೋಡುತ್ತಿದ್ದೇವೆ.

ಒಕಿನಾವಾಗೆ ಹೋಗುವ ಬಗ್ಗೆ: ಖಂಡಿತ ಸಾಧ್ಯ. ನಾಹಾ ನಗರದ ಪಕ್ಕದ ತೊಮಿಗುಸುಕುದಲ್ಲಿ 2017ರಲ್ಲಿ ಒಕಿನಾವಾ ಕರಾಟೆ ಕೈಕಾನ್ ಅಂತ ದೊಡ್ಡ ಕೇಂದ್ರ ತೆರೆದಿದ್ದಾರೆ. ಅಲ್ಲೇ ಮಾಹಿತಿ ಕೇಂದ್ರವೂ ಇದೆ. ಹೊರದೇಶದಿಂದ ಬರುವವರು ಯಾವ ಶೈಲಿ, ಎಷ್ಟು ದಿನ ಅಂತ ತಿಳಿಸಿದರೆ ಸರಿಹೊಂದುವ ದೋಜೋ ಜೊತೆ ಮಾತಾಡಿ ಏರ್ಪಾಡು ಮಾಡಿಕೊಡುತ್ತಾರೆ. ನೀವು ಈಗಾಗಲೇ ಒಂದು ಒಕ್ಕೂಟದಲ್ಲಿದ್ದರೆ ಮೊದಲು ನಿಮ್ಮ ಗುರುಗಳ ಹತ್ತಿರ ಕೇಳಿ, ಅವರ ಪರಿಚಯ ಪತ್ರ ತೆಗೆದುಕೊಂಡು ಹೋಗಿ. ಗುರುಗಳಿಗೆ ಹೇಳದೆ ನೇರ ಹೋದರೆ ಅಲ್ಲಿಯ ಹಿರಿಯರಿಗೆ ಇಷ್ಟವಾಗುವುದಿಲ್ಲ.

ದೊಡ್ಡ ಹಾಲ್, ಕನ್ನಡಿ ಗೋಡೆ ಅಂತೆಲ್ಲ ನಿರೀಕ್ಷೆ ಬೇಡ. ಅಲ್ಲಿಯ ಎಷ್ಟೋ ದೋಜೋಗಳು ಗುರುಗಳ ಮನೆಯ ಕೆಳಮಹಡಿಯಲ್ಲೇ ಇರುತ್ತವೆ, ಚಿಕ್ಕವು. ಸಂಜೆ ಕೆಲಸ ಮುಗಿಸಿ ಬಂದ ನಾಲ್ಕಾರು ಜನ ಇರುತ್ತಾರೆ, ಮೂಲೆಯಲ್ಲಿ ಚೀಶಿ (ತುದಿಗೆ ಕಲ್ಲಿನ ತೂಕ ಸಿಕ್ಕಿಸಿದ ಕೋಲು), ಬಾಯಿ ಹಿಡಿದು ಎತ್ತುವ ನಿಗಿರಿ-ಗಾಮೆ ಜಾಡಿಗಳು, ಗೋಡೆ ಪಕ್ಕ ಹೊಡೆದು ಅಭ್ಯಾಸ ಮಾಡುವ ಮಕಿವಾರ ಹಲಗೆ. ಹೆಚ್ಚು ಮಾತು ಇರುವುದಿಲ್ಲ. ಹೊಸ ಕತಾ ಕಲಿಸಿ ಅಂತ ಕೇಳಬೇಡಿ. ನಿಮಗೆ ಗೊತ್ತಿರುವ ಸಾಂಚಿನ್ ಮಾಡಿ ತೋರಿಸಿ, ಅವರು ತಿದ್ದಲಿ. ಎರಡು ವಾರ ಪೂರ್ತಿ ಅದೊಂದನ್ನೇ ತಿದ್ದಿದರೂ ಬೇಜಾರು ಮಾಡಿಕೊಳ್ಳಬೇಡಿ. ಹೊರಡುವ ಮುಂಚೆ ಚೀಶಿಯನ್ನು ಮಣಿಕಟ್ಟು ಬಾಗದ ಹಾಗೆ ತಿರುಗಿಸುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡಿರಿ, ಅಲ್ಲಿ ಮೊದಲ ದಿನವೇ ಅದನ್ನು ಕೈಗೆ ಕೊಟ್ಟುಬಿಡಬಹುದು.